ಖಾಡಿಯ ದಡದಲ್ಲಿ ಸ್ಟೀಕ್: ಕೇಳಿ ತಿನ್ನಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಸ್ಟೀಕ್ ಬಡಿಸುವ ಹೊಸ ಹೋಟೆಲಿಗೆ ಹೋದರೆ ಮೊದಲು ಮೆನು ಕಾರ್ಡನ್ನು ನಿಧಾನವಾಗಿ ಓದಿ. ‘ಟೆಂಡರ್‌ಲಾಯಿನ್ ಸ್ಟೀಕ್’ ಎಂದು ಬರೆದಿರುತ್ತಾರೆ. ಪೆಪ್ಪರ್ ಸಾಸೋ ಮಶ್ರೂಮ್ ಸಾಸೋ, ಪಕ್ಕದಲ್ಲಿ ಹಿಸುಕಿದ ಆಲೂಗಡ್ಡೆಯೋ ಫ್ರೆಂಚ್ ಫ್ರೈಸೋ, ಬೆಣ್ಣೆಯಲ್ಲಿ ಬಾಡಿಸಿದ ಬೀನ್ಸು ಕ್ಯಾರೆಟ್ಟು ಎಷ್ಟೋ, ಎಲ್ಲದರ ವಿವರವೂ ಸಿಗುತ್ತದೆ. ಮಾಂಸ ಯಾವ ಪ್ರಾಣಿಯದು ಎಂಬುದನ್ನು ಮಾತ್ರ ಬಹಳಷ್ಟು ಕಡೆ ಬರೆದಿರುವುದಿಲ್ಲ. ಕೆಲವರು ‘ಬಫ್’ ಎಂಬ ಪದ ಸೇರಿಸಿ ಪ್ರಾಮಾಣಿಕತೆ ಮೆರೆಯುತ್ತಾರೆ. ಉಳಿದವರು ಗಿರಾಕಿ ಊಹಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ.

ಮಸಾಲೆಯ ಅಡುಗೆಯಲ್ಲಿ ಈ ಅಸ್ಪಷ್ಟತೆ ಹೇಗೋ ನಡೆದುಹೋಗುತ್ತದೆ. ಸ್ಟೀಕ್‌ನಲ್ಲಿ ನಡೆಯುವುದಿಲ್ಲ. ಕೊತ್ತಂಬರಿ, ಬ್ಯಾಡಗಿ ಮೆಣಸು, ತೆಂಗಿನಕಾಯಿ ಅರೆದು ಹಾಕಿ ಗಂಟೆಗಟ್ಟಲೆ ಬೇಯಿಸಿದರೆ ಮಾಂಸದ ಒರಟುತನ ಅಡಗುತ್ತದೆ. ಸ್ಟೀಕ್ ಎಂದರೆ ಒಂದೇ ಸ್ನಾಯುವಿನ ದಪ್ಪ ತುಂಡು, ಉಪ್ಪು, ಕಾಳುಮೆಣಸು, ಬೆಂಕಿ, ಕೆಲವೇ ನಿಮಿಷ. ಅಲ್ಲಿ ಪ್ರಾಣಿಯ ವಯಸ್ಸು, ಅದು ತಿಂದ ಮೇವು, ಕಡಿದವನ ಕತ್ತಿ, ಶೀತಲಪೆಟ್ಟಿಗೆಯಲ್ಲಿ ಕಳೆದ ದಿನಗಳು ಎಲ್ಲವೂ ಬಾಯಿಗೆ ನೇರವಾಗಿ ಗೊತ್ತಾಗುತ್ತವೆ. ಆದ್ದರಿಂದ ಸ್ಟೀಕ್ ತಿನ್ನಹೊರಟವರು ಪ್ರಶ್ನೆ ಕೇಳಲೇಬೇಕು. ಯಾವ ಪ್ರಶ್ನೆ, ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಯಾವ ಪ್ರಾಣಿ?

ಪಾಶ್ಚಾತ್ಯ ದೇಶಗಳಲ್ಲಿ ಸ್ಟೀಕ್ ಎಂದರೆ ಹೆಚ್ಚಾಗಿ ದನದ ಮಾಂಸ. ಮಹಾರಾಷ್ಟ್ರದಲ್ಲಿ ಅದಕ್ಕೆ ಅವಕಾಶವಿಲ್ಲ. 1976ರ ಮಹಾರಾಷ್ಟ್ರ ಪ್ರಾಣಿ ಸಂರಕ್ಷಣಾ ಕಾಯ್ದೆ ಗೋವಧೆಯನ್ನು ನಿಷೇಧಿಸಿತ್ತು. ಎತ್ತು, ಹೋರಿಗಳನ್ನು ಪ್ರಮಾಣಪತ್ರದ ಮೇಲೆ ಕಡಿಯಬಹುದಿತ್ತು. ಅವನ್ನೂ ನಿಷೇಧದೊಳಗೆ ತರುವ ತಿದ್ದುಪಡಿಯನ್ನು ರಾಜ್ಯ ವಿಧಾನಮಂಡಲ 1995ರಲ್ಲೇ ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಇಪ್ಪತ್ತು ವರ್ಷಗಳ ಬಳಿಕ, 2015ರ ಮಾರ್ಚ್‌ನಲ್ಲಿ. ತಪ್ಪಿದವರಿಗೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. 2016ರ ಮೇ 6ರಂದು ಬಾಂಬೆ ಹೈಕೋರ್ಟು ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಹೊರರಾಜ್ಯದಲ್ಲಿ ಕಡಿದ ಮಾಂಸವನ್ನು ಇಟ್ಟುಕೊಳ್ಳುವುದೇ ಅಪರಾಧ ಎನ್ನುತ್ತಿದ್ದ ಕಲಮನ್ನು ರದ್ದುಮಾಡಿತು. ಹೊರದೇಶದಿಂದ ತರಿಸೋಣವೆಂದರೆ ಭಾರತದ ಆಮದು ನೀತಿಯೇ ಗೋಮಾಂಸವನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ. ‘ಫಾರಿನ್ ಬೀಫ್’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಆ ಮಾತನ್ನು ನಂಬುವ ಮೊದಲು ಎರಡು ಸಲ ಯೋಚಿಸಿ.

ಹಾಗಾದರೆ ಠಾಣೆಯ ತಟ್ಟೆಯಲ್ಲಿ ಬರುವುದೇನು? ಎಮ್ಮೆ ಅಥವಾ ಕೋಣ. ಇವಕ್ಕೆ ಆ ಸಂಪೂರ್ಣ ನಿಷೇಧ ಅನ್ವಯಿಸುವುದಿಲ್ಲ. ಅಧಿಕೃತ ಕಸಾಯಿಖಾನೆಯಲ್ಲಿ ನಿಯಮದ ಪ್ರಕಾರ ಕಡಿದ ಎಮ್ಮೆ ಮಾಂಸದ ಮಾರಾಟ ಕಾನೂನುಬದ್ಧ. ನಮ್ಮ ಕರ್ನಾಟಕದಲ್ಲಿ ಲೆಕ್ಕ ಇನ್ನೂ ಬಿಗಿ. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಪಡೆದು ಕಡಿಯಬಹುದು. ಬೆಳಗಾವಿ ಕಡೆಯಿಂದ ಹೋಗುವ ಮಾಂಸವನ್ನು ನೆಚ್ಚಿಕೊಂಡಿದ್ದ ಗೋವಾದಲ್ಲಿ ಆಗ ಏಕಾಏಕಿ ಕೊರತೆ ತಲೆದೋರಿತು. ಹರೂನ್ ಸೇಠ್ ಆರಂಭಿಸಿದ ‘ದಿ ಓನ್ಲಿ ಪ್ಲೇಸ್’ ಬೆಂಗಳೂರಿನ ತಲೆಮಾರುಗಳಿಗೆ ಸ್ಟೀಕ್‌ನ ರುಚಿ ಹತ್ತಿಸಿದ ಜಾಗ. ಅಂಥ ಊರಿಗೂ ಸ್ಟೀಕ್‌ನ ಮೃದುತ್ವ ಈಗ ಅಡುಗೆಯವನ ಕೈಯಲ್ಲಷ್ಟೇ ಇಲ್ಲ, ಪ್ರಾಣಿಯ ವಯಸ್ಸನ್ನು ಗೊತ್ತುಮಾಡುವ ಕಾನೂನಿನ ಕಲಮಿನಲ್ಲೂ ಇದೆ.

ಮೆನುವಿನ ಮೌನಕ್ಕೆ ಇನ್ನೊಂದು ಕಾರಣವೂ ಉಂಟು. ಈ ಕಡೆಯ ಊರುಗಳಲ್ಲಿ ಮಾಂಸದ ಮಾತು ಯಾವಾಗ ರಾಜಕೀಯವಾಗುತ್ತದೆ ಎಂದು ಹೇಳಲಾಗದು. 2025ರ ಸ್ವಾತಂತ್ರ್ಯ ದಿನಕ್ಕೆ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆ 1988ರ ತನ್ನದೇ ನಿರ್ಣಯವನ್ನು ಮುಂದಿಟ್ಟು ಕಸಾಯಿಖಾನೆ, ಮಾಂಸದಂಗಡಿಗಳನ್ನು 24 ಗಂಟೆ ಮುಚ್ಚಲು ಆದೇಶಿಸಿತು. ಅದರ ಮೇಲೆ ರಾಜ್ಯದಾದ್ಯಂತ ವಾದ ಎದ್ದಿತು. ಇಂಥ ಹವೆಯಲ್ಲಿ ಹೋಟೆಲಿನ ಮಾಲಕ ಪ್ರಾಣಿಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸಲು ಹಿಂಜರಿಯುವುದು ಅರ್ಥವಾಗುತ್ತದೆ. ಆದರೆ ಎಮ್ಮೆ ತಿನ್ನುವವನಿಗೂ ತಿನ್ನದವನಿಗೂ ಒಂದೇ ಸಾಲಿನ ಸ್ಪಷ್ಟ ಉತ್ತರ ಬೇಕು. ಅದನ್ನು ಕಾರ್ಡಿನಲ್ಲಿ ಹಾಕದಿದ್ದರೆ ಕ್ಯಾಪ್ಟನ್ ಬಾಯಲ್ಲಾದರೂ ಹೇಳಲಿ.

ಎರಡನೆಯದು: ಯಾವ ಭಾಗ?

ಮುಂಬೈ, ಗೋವಾದ ಕಟುಕರ ಬಾಯಲ್ಲಿ ಟೆಂಡರ್‌ಲಾಯಿನ್‌ಗೆ ‘ಅಂಡರ್‌ಕಟ್’ ಎಂದೇ ಹೆಸರು. ಮಂಗಳೂರು ಕಡೆಯಿಂದ ಬಂದು ಮುಂಬೈಯಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಲ್ಲಿ ಹಬ್ಬದ ರೋಸ್ಟಿಗೆ ಅಂಡರ್‌ಕಟ್ ಬೇಕೆಂದು ಮುಂಚೆಯೇ ಹೇಳಿಡುವವರಿದ್ದಾರೆ. ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡ ಉದ್ದನೆಯ ಸ್ನಾಯು ಅದು. ಪ್ರಾಣಿ ನಡೆಯಲಿ, ಉಳಲಿ, ಭಾರ ಹೊರಲಿ, ಈ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ. ಕೆಲಸವಿಲ್ಲದ ಸ್ನಾಯುವಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಕಡಿಮೆ, ಅದಕ್ಕೇ ಮೆತ್ತಗಿರುತ್ತದೆ. ಒಂದು ಪ್ರಾಣಿಯ ಒಟ್ಟು ಮಾಂಸದಲ್ಲಿ ಇದು ನೂರಕ್ಕೆ ಎರಡು ಮೂರು ಪಾಲಷ್ಟೇ. ಬೆಲೆ ಏರುವುದೂ ಅದಕ್ಕೇ.

ಎಮ್ಮೆಯ ವಿಷಯದಲ್ಲಿ ಅಂಡರ್‌ಕಟ್‌ಗೆ ಇಷ್ಟು ಮಹತ್ವ ಬಂದದ್ದಕ್ಕೆ ನಮ್ಮ ಹಾಲಿನ ವ್ಯವಹಾರವೇ ಕಾರಣ. ಅಮೆರಿಕದಲ್ಲೋ ಅರ್ಜೆಂಟೀನಾದಲ್ಲೋ ಮಾಂಸಕ್ಕೆಂದೇ ತಳಿ ಸಾಕಿ, ಎಳೆ ವಯಸ್ಸಿನಲ್ಲೇ ಕಡಿಯುತ್ತಾರೆ. ನಮ್ಮಲ್ಲಿ ಎಮ್ಮೆ ಸಾಕುವುದು ಹಾಲಿಗೆ. ಮುಂಬೈ ನಗರದ ತಬೇಲಾಗಳನ್ನು, ಎಂದರೆ ಎಮ್ಮೆಕೊಟ್ಟಿಗೆಗಳನ್ನು, ಹೊರಗೆ ಸಾಗಿಸಲೆಂದೇ 1949ರಲ್ಲಿ ಆರೇ ಮಿಲ್ಕ್ ಕಾಲೊನಿ ಹುಟ್ಟಿತು. ಕಲ್ಯಾಣದ ಖಾಡಿಯ ದಡದಲ್ಲಿ ಇಂದಿಗೂ ತಬೇಲಾಗಳಿವೆ. ಜೋರು ಮಳೆಗೆ ನೀರು ನುಗ್ಗಿದಾಗ ಎಮ್ಮೆಗಳನ್ನು ರಸ್ತೆಗೆ ಹೊಡೆದು ತರುವ ದೃಶ್ಯ ಆ ಊರಿನವರಿಗೆ ಹೊಸದಲ್ಲ. ಹಾಲು ಬತ್ತಿದ ಎಮ್ಮೆ, ಹಾಲಿಗೆ ಉಪಯೋಗವಿಲ್ಲದ ಗಂಡುಕರು ಮಾಂಸದ ಮಾರುಕಟ್ಟೆಗೆ ಹೋಗುತ್ತವೆ. ಜಗತ್ತಿಗೆ ಎಮ್ಮೆ ಮಾಂಸ ಕಳಿಸುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿರುವುದಕ್ಕೂ ಬೇರು ಇಲ್ಲೇ ಇದೆ. ವಯಸ್ಸಾದ ಪ್ರಾಣಿಯಲ್ಲಿ ಕೊಲಾಜೆನ್‌ನ ಎಳೆಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ತೊಡೆಯ ಭಾಗವನ್ನು ಸ್ಟೀಕ್ ಮಾಡಿದರೆ ಅಗಿಯುವುದೇ ಕೆಲಸವಾದೀತು. ಅಂಡರ್‌ಕಟ್ ಮಾತ್ರ ವಯಸ್ಸಿನ ಆ ಏಟಿನಿಂದ ತಕ್ಕಮಟ್ಟಿಗೆ ಪಾರಾಗುತ್ತದೆ.

ಎಮ್ಮೆ ಮಾಂಸಕ್ಕೆ ತನ್ನದೇ ಗುಣವಿದೆ. ಬಣ್ಣ ಗಾಢ ಕೆಂಪು, ಕೊಬ್ಬು ಕಡಿಮೆ, ಇರುವ ಕೊಬ್ಬು ಬೆಳ್ಳಗೆ. ಎಮ್ಮೆ ತುಪ್ಪ ಬಿಳಿ, ಹಸುವಿನ ತುಪ್ಪ ಹಳದಿ ಎಂಬುದು ಮನೆಮನೆಗೂ ಗೊತ್ತು, ಕಾರಣವೂ ಅದೇ. ಹಸಿಮೇವಿನಲ್ಲಿರುವ ಹಳದಿ ಬಣ್ಣದ ಕ್ಯಾರೊಟೀನನ್ನು ಎಮ್ಮೆಯ ದೇಹ ಹೆಚ್ಚುಕಡಿಮೆ ಪೂರ್ತಿ ವಿಟಮಿನ್ ‘ಎ’ ಆಗಿ ಬದಲಾಯಿಸಿಬಿಡುತ್ತದೆ, ಕೊಬ್ಬಿಗೆ ಬಣ್ಣ ಉಳಿಯುವುದಿಲ್ಲ. ಜಪಾನಿನ ವಾಗ್ಯು ಮಾಂಸದ ಚಿತ್ರಗಳಲ್ಲಿ ಕಾಣುವ, ಕೆಂಪಿನ ನಡುವೆ ಹರಡಿದ ಬಿಳಿ ಗೆರೆಗಳು ಎಮ್ಮೆಯಲ್ಲಿ ಸಿಗುವುದಿಲ್ಲ. ಬೇಯುವಾಗ ಒಳಗಿನಿಂದ ಕರಗಿ ರಸ ಕೊಡುವ ಕೊಬ್ಬು ಅಷ್ಟಿಲ್ಲದ್ದರಿಂದ ತುಸು ಹೆಚ್ಚು ಬೆಂದರೂ ಒಣಗುತ್ತದೆ. ಬೆಣ್ಣೆಯನ್ನು ಧಾರಾಳವಾಗಿ ಸುರಿಯುವ ಬಾಣಸಿಗ ಬರೀ ಔದಾರ್ಯಕ್ಕೆ ಹಾಗೆ ಮಾಡುವುದಲ್ಲ, ಆ ಕೊರತೆ ತುಂಬುತ್ತಿರುತ್ತಾನೆ.

ಕೆಲವೆಡೆ ಬೇರೆ ಭಾಗದ ಮಾಂಸಕ್ಕೆ ಪಪ್ಪಾಯಿ ಕಾಯಿಯ ಅರಪು ಹಚ್ಚಿ ಮೆತ್ತಗೆ ಮಾಡುತ್ತಾರೆ. ಪಪ್ಪಾಯಿಯ ಪಪೈನ್ ಎಂಬ ಕಿಣ್ವ ಮಾಂಸದ ಪ್ರೊಟೀನನ್ನು ಒಡೆಯುತ್ತದೆ. ಕಬಾಬಿಗೆ ಅದು ಒಳ್ಳೆಯದೇ. ಸ್ಟೀಕ್‌ನಲ್ಲಿ ಹದ ತಪ್ಪಿದರೆ ಮೇಲ್ಪದರ ಹಿಟ್ಟುಹಿಟ್ಟಾಗಿ, ನಡುಭಾಗ ಮಾತ್ರ ಗಟ್ಟಿ ಉಳಿಯುತ್ತದೆ. ಒಂದೇ ತುಂಡಿನಲ್ಲಿ ಎರಡು ತರದ ಮಾಂಸ ತಿಂದಂತೆ ಅನಿಸಿದರೆ ಇದೇ ಕಾರಣ ಎಂದುಕೊಳ್ಳಿ.

ಮೂರನೆಯದು: ಎಷ್ಟು ದಿನದ್ದು?

ಈ ಪ್ರಶ್ನೆಯನ್ನು ಮೀನಿನ ಮುಂದೆ ಅಳುಕಿಲ್ಲದೆ ಕೇಳುವವರನ್ನು ನೋಡಬೇಕಾದರೆ ಠಾಣೆ ಸ್ಟೇಷನ್ನಿನ ಪೂರ್ವಕ್ಕಿರುವ ಕೋಪರಿಗೆ ಬನ್ನಿ. ಹಳಿಯ ಈಚೆಗೆ ದೇಶ ವಿಭಜನೆಯ ನಂತರ ಬಂದ ಸಿಂಧಿಗಳ ಕಾಲೊನಿ, ಚೆಂದಣಿ ಕೋಳಿವಾಡ, ಉಪ್ಪಿನ ವ್ಯಾಪಾರವನ್ನು ಹೆಸರಿನಲ್ಲಿ ಉಳಿಸಿಕೊಂಡ ಮೀಠ್ ಬಂದರ್ ರಸ್ತೆ, ಆಮೇಲೆ ಖಾಡಿ. ಖಾಡಿಯ ಆಚೆ ದಡ ನವಿ ಮುಂಬೈ. ಈ ನೀರಿನ ಎರಡೂ ದಡದಲ್ಲಿ ಕೋಳಿ ಸಮುದಾಯದ ಮೀನುಗಾರರಿಂದ ಮೀನು ಕೊಂಡು ತಿಂದು ಬೆಳೆದ ತುಳು, ಕನ್ನಡ, ಕೊಂಕಣಿ ಮಾತಿನ ಕುಟುಂಬಗಳು ಬೇಕಷ್ಟಿವೆ.

ಮೀನಿನ ಮುಂದೆ ಈ ಕುಟುಂಬಗಳ ಹೆಂಗಸರು ಯಾರಿಗೂ ಬಗ್ಗುವವರಲ್ಲ. ಕಿವಿರು ಎತ್ತಿ ಕೆಂಪಿದೆಯೇ ನೋಡುತ್ತಾರೆ, ಕಣ್ಣು ಒಳಗೆ ಹೋಗಿದೆಯೇ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಮೂಸುತ್ತಾರೆ, ‘ಐಸಿನ ಮಾಲಾ?’ ಎಂದು ಮುಖಕ್ಕೇ ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಅಂಜಲ್ ಮೀನು ಎಲ್ಲಿಂದ ಬಂತೆಂದು ವಿಚಾರಿಸದೆ ಬಿಡುವುದಿಲ್ಲ. ಹೋಟೆಲಿನಲ್ಲೂ ಅದೇ ರೂಢಿ. ಸುರು ಕರ್ಕೇರ ಅವರು ಫೋರ್ಟ್‌ನಲ್ಲಿ ಆರಂಭಿಸಿದ ಮಹೇಶ್ ಲಂಚ್ ಹೋಮ್‌ನಂಥ ಮಂಗಳೂರು ಶೈಲಿಯ ಹೋಟೆಲುಗಳು ಮುಂಬೈಗೆ ಕಲಿಸಿದ್ದು ಗಸಿ, ತವಾ ಫ್ರೈಗಳನ್ನು ಮಾತ್ರವಲ್ಲ; ‘ಇವತ್ತು ಯಾವುದು ತಾಜಾ?’ ಎಂದು ಕೇಳಿ ಆರ್ಡರ್ ಕೊಡುವ ಗಿರಾಕಿಯನ್ನೂ ಆ ಹೋಟೆಲುಗಳೇ ಬೆಳೆಸಿದವು. ಹಸಿ ಮೀನನ್ನು ತಟ್ಟೆಯಲ್ಲಿಟ್ಟು ಟೇಬಲ್ಲಿಗೆ ತಂದು ತೋರಿಸುವುದು ಅಲ್ಲಿ ಮರ್ಯಾದೆಯ ಭಾಗ.

ಅದೇ ಗಿರಾಕಿ ಸ್ಟೀಕ್‌ಹೌಸಿನಲ್ಲಿ ಬಾಯಿ ಬಿಡುವುದಿಲ್ಲ. ಮಂದ ಬೆಳಕು, ದೊಡ್ಡ ಚಾಕು, ಮೆನುವಿನ ಅಪರಿಚಿತ ಹೆಸರುಗಳ ಮುಂದೆ ಕೇಳಿದರೆ ಹಳ್ಳಿಗರೆಂದುಕೊಂಡಾರು ಎಂಬ ಅಳುಕು. ಅಳುಕು ಬಿಟ್ಟು ಕೇಳುವಾಗಲೂ ಒಂದು ಎಚ್ಚರಿಕೆ ಬೇಕು: ಮೀನಿನ ಪ್ರಶ್ನೆಯನ್ನು ಇದ್ದ ಹಾಗೇ ಇಲ್ಲಿಗೆ ತರಲಾಗದು. ‘ಇವತ್ತಿನದೇ ತಾನೆ?’ ಎಂದು ಕೇಳಿ, ‘ಹೌದು ಸಾರ್, ಬೆಳಿಗ್ಗೆ ಕಡಿದದ್ದು’ ಎಂಬ ಉತ್ತರ ಸಿಕ್ಕರೆ ಮೀನು ತಿನ್ನುವವರು ಸಂತೋಷಪಡಬೇಕು, ಸ್ಟೀಕ್ ತಿನ್ನುವವರು ಚಿಂತೆಗೀಡಾಗಬೇಕು.

ಯಾಕೆಂದರೆ ಪ್ರಾಣಿಯನ್ನು ಕಡಿದ ಕೆಲವು ಗಂಟೆಗಳಲ್ಲಿ ಅದರ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಸುಟ್ಟರೆ ಎಂಥ ಅಂಡರ್‌ಕಟ್ಟೂ ಬಿರುಸಾಗುತ್ತದೆ. ಸೊನ್ನೆಯಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಹಲವು ದಿನ ಇಟ್ಟರೆ ಮಾಂಸದೊಳಗಿನ ಕಿಣ್ವಗಳೇ ನಾರುಗಳನ್ನು ನಿಧಾನವಾಗಿ ಸಡಿಲಿಸುತ್ತವೆ, ರುಚಿಯೂ ಮಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಾಗೆ ಮಾಗಿಸುವುದು ಒಂದು ಕ್ರಮ. ತೇವಾಂಶ ಹಿಡಿತದಲ್ಲಿರುವ ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ತೂಗುಹಾಕಿ, ಒಣಗಿದ ಮೇಲ್ಪದರ ಕೆತ್ತಿ ತೆಗೆಯುವುದು ಇನ್ನೊಂದು. ಎರಡನೆಯದರಲ್ಲಿ ತೂಕ ಕಳೆದುಹೋಗುವುದರಿಂದ ಬೆಲೆ ಹೆಚ್ಚು. ನಮ್ಮ ಮಾಂಸದ ಮಾರುಕಟ್ಟೆ ನಡೆಯುವುದೇ ಬೇರೆ ಗಡಿಯಾರದ ಮೇಲೆ: ಬೆಳಗ್ಗೆ ಕಡಿದದ್ದು ಮಧ್ಯಾಹ್ನ ಒಲೆಯ ಮೇಲೆ. ಸುಕ್ಕಕ್ಕೂ ಸಾರಿಗೂ ಅದು ತೊಂದರೆಯಿಲ್ಲ, ದೀರ್ಘಕಾಲದ ಬೇಯುವಿಕೆಯಲ್ಲಿ ಕೊಲಾಜೆನ್ ಕರಗಿ ಸಾರು ದಪ್ಪವಾಗುತ್ತದೆ. ಎರಡು ಮೂರು ನಿಮಿಷಕ್ಕೆ ಒಂದೊಂದು ಮಗ್ಗುಲು ಸುಡುವ ಸ್ಟೀಕ್‌ಗೆ ಆ ಅವಕಾಶವಿಲ್ಲ. ಮೆತ್ತಗಾಗುವ ಕೆಲಸ ಬೆಂಕಿಗಿಂತ ಮೊದಲೇ ಮುಗಿದಿರಬೇಕು.

ಆದ್ದರಿಂದ ಕೇಳಬೇಕಾದದ್ದು ‘ಎಷ್ಟು ದಿನ ಚಿಲ್ಲರಿನಲ್ಲಿ ಮಾಗಿಸಿದ್ದೀರಿ, ಫ್ರೋಜನ್ ಮಾಲಾ?’ ಎಂದು. ಹೆಪ್ಪುಗಟ್ಟಿಸಿ ಕರಗಿಸಿದ ಮಾಂಸ ಕೆಟ್ಟದ್ದೇನಲ್ಲ. ಆದರೆ ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿರುತ್ತವೆ. ಕರಗಿಸಿದಾಗ ರಸ ಸೋರುತ್ತದೆ, ಬಾಣಲೆಯಲ್ಲಿ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ. ಆ ತುಂಡಿಗೆ ಮಾಗಿಸಿದ ಮಾಂಸದ ಬೆಲೆ ಹಾಕುವುದು ಸರಿಯಲ್ಲ.

ನಾಲ್ಕನೆಯದು: ಎಷ್ಟು ಬೇಯಿಸಬೇಕು, ಯಾವ ತಟ್ಟೆಯಲ್ಲಿ?

ವೇಟರ್ ‘ರೇರ್, ಮೀಡಿಯಂ, ವೆಲ್‌ಡನ್?’ ಎಂದು ಕೇಳಿದರೆ ಅದು ನಿಮ್ಮ ಸಂಸ್ಕಾರದ ಪರೀಕ್ಷೆಯಲ್ಲ. ತುಂಡಿನ ನಡುವಿನ ಉಷ್ಣತೆ ಎಷ್ಟಿರಲಿ ಎಂದಷ್ಟೇ ಅದರರ್ಥ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಳಿಸಿದರೆ ರೇರ್, 55ರ ಸುತ್ತ ಮೀಡಿಯಂ ರೇರ್, 60 ದಾಟಿದರೆ ಮೀಡಿಯಂ, 70 ದಾಟಿದರೆ ವೆಲ್‌ಡನ್. ತಟ್ಟೆಯಲ್ಲಿ ಒಸರುವ ಕೆಂಪು ದ್ರವ ರಕ್ತ ಎಂದು ಹೇಸಿಗೆಪಟ್ಟು ವಾಪಸು ಕಳಿಸುವವರಿದ್ದಾರೆ. ಅದು ರಕ್ತವಲ್ಲ, ಸ್ನಾಯುವಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೊಟೀನು ಬೆರೆತ ನೀರು. ಶಾಖ ಏರಿದಂತೆ ಇದರ ಬಣ್ಣ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಹೊರಮೈಯ ಕಂದು ಬಣ್ಣ, ಸುಟ್ಟ ಪರಿಮಳಗಳ ಕಥೆ ಬೇರೆ. ಅದು 140 ಡಿಗ್ರಿಗೂ ಮೇಲೆ ಪ್ರೊಟೀನು, ಸಕ್ಕರೆಗಳು ಸೇರಿ ನಡೆಸುವ ಕ್ರಿಯೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮಾಯಾರ್ 1912ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ನೀರಿನ ಪಸೆ ಇರುವ ತನಕ ಮೇಲ್ಮೈ 100 ಡಿಗ್ರಿ ದಾಟದು. ಸುಡುವ ಮೊದಲು ತುಂಡನ್ನು ಒತ್ತಿ ಒರೆಸುವುದು ಅದಕ್ಕೇ.

ಅರೆಬೆಂದದ್ದು ತಿಂದರೆ ಹೊಟ್ಟೆ ಕೆಡುವುದಿಲ್ಲವೇ? ಇಡಿಯಾದ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲೇ ಇರುತ್ತವೆ, ಜೋರು ಉರಿಗೆ ಸಾಯುತ್ತವೆ. ಕೊಚ್ಚಿದ ಮಾಂಸದಲ್ಲಿ ಹೊರಮೈ ಒಳಗೆ ಸೇರಿಹೋಗಿರುತ್ತದೆ, ಅದಕ್ಕೆ ಬರ್ಗರಿನ ಪ್ಯಾಟಿಯನ್ನು ನಡುವಿನವರೆಗೂ ಬೇಯಿಸಲೇಬೇಕು. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ, ಕೊಚ್ಚಿದ್ದಕ್ಕೆ 71 ಡಿಗ್ರಿ ಎಂದು ಲೆಕ್ಕ ಕೊಟ್ಟಿದೆ. ಮಾಂಸ ಕಡಿದ ಜಾಗ, ಸಾಗಿಸಿದ ಗಾಡಿ, ಇಟ್ಟ ಫ್ರಿಜ್ಜು ಎಲ್ಲವೂ ತಣ್ಣಗಿದ್ದವು ಎಂಬ ನಂಬಿಕೆ ಇರುವ ಕಡೆ ಈ ಮಾತು. ನಂಬಿಕೆ ಇಲ್ಲದಿದ್ದರೆ, ಟೇಬಲ್ಲಿನಲ್ಲಿ ಬಸುರಿಯರು, ಮಕ್ಕಳು, ವಯಸ್ಸಾದವರು ಇದ್ದರೆ, ಪೂರ್ತಿ ಬೇಯಿಸಿದ್ದನ್ನೇ ತರಿಸಿ. ವೆಲ್‌ಡನ್ ಕೇಳಿದವರನ್ನು ಕೀಳಾಗಿ ನೋಡುವ ಬಾಣಸಿಗನಿಗೆ ಅಹಂಕಾರ ಜಾಸ್ತಿ, ಅಷ್ಟೇ. ಕೊಬ್ಬಿಲ್ಲದ ಎಮ್ಮೆ ಅಂಡರ್‌ಕಟ್ಟಿಗೆ ಮೀಡಿಯಂ ಒಳ್ಳೆಯ ಹದ ಎಂಬುದು ರುಚಿಯ ಸಲಹೆ.

ಇಲ್ಲೇ ಮುಂಬೈ ಕಡೆಯ ಒಂದು ವಿಶೇಷ ಗಮನಿಸಬೇಕು. ಇಲ್ಲಿನ ಬಹುಪಾಲು ಜನರಿಗೆ ಸ್ಟೀಕ್ ಪರಿಚಯವಾದದ್ದು ಸಿಜ್ಲರ್ ಮೂಲಕ. 1960ರ ದಶಕದಲ್ಲಿ ಫಿರೋಜ್ ಇರಾನಿ ಎಂಬವರು ದಕ್ಷಿಣ ಮುಂಬೈನ ಎಕ್ಸೆಲ್ಸಿಯರ್ ಚಿತ್ರಮಂದಿರದಲ್ಲಿ ‘ದಿ ಸಿಜ್ಲರ್’ ತೆರೆದರು. ಮುಂದೆ ಅವರು ಪುಣೆಯಲ್ಲಿ ‘ಟೂಷೆ ದಿ ಸಿಜ್ಲರ್’ ನಡೆಸಿದರು, ಮಗ ಮುಂಬೈನಲ್ಲಿ ‘ಯೋಕೋ’ ಆರಂಭಿಸಿದರು. ಮರದ ಹಲಗೆಯ ಮೇಲೆ ಕಾದ ಕಬ್ಬಿಣದ ತಟ್ಟೆ, ಕೆಳಗೆ ಕೋಸಿನ ಎಲೆ, ಮೇಲೆ ಮಾಂಸ, ಪಕ್ಕದಲ್ಲಿ ಅನ್ನವೋ ನೂಡಲ್ಸೋ. ಬಾಗಿಲು ದಾಟುವಾಗ ಸುರಿದ ಬೆಣ್ಣೆಯ ಸದ್ದಿಗೂ ಹೊಗೆಗೂ ಇಡೀ ಹೋಟೆಲು ತಿರುಗಿ ನೋಡಬೇಕು. ಆಮೇಲೆ ಶೆಟ್ಟರ ‘ಪರ್ಮಿಟ್ ರೂಮ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ಗಳು ಇದನ್ನು ಕೈಗೆತ್ತಿಕೊಂಡವು. ಇಡ್ಲಿ ದೋಸೆಯಿಂದ ಶುರುವಾಗಿ ಪಂಜಾಬಿ, ಚೈನೀಸ್ ಸೇರಿಸಿಕೊಂಡಿದ್ದ ಮೆನುವಿಗೆ ಸಿಜ್ಲರ್ ಕೂಡ ಬಂತು. ದನ, ಎಮ್ಮೆ ಮುಟ್ಟದ ಮಾಲಕರು, ಅದನ್ನು ಬಯಸದ ಗಿರಾಕಿಗಳು. ಹೀಗಾಗಿ ಚಿಕನ್ ಸ್ಟೀಕ್ ಸಿಜ್ಲರ್, ಪನೀರ್ ಶಾಶ್ಲಿಕ್ ಸಿಜ್ಲರ್ ಹುಟ್ಟಿದವು. ಸೋಮವಾರ, ಗುರುವಾರ, ಶನಿವಾರ, ಸಂಕಷ್ಟಿ, ಶ್ರಾವಣ ಎಂದು ಮಾಂಸ ಬಿಡುವ ದಿನಗಳು ಸಾಲುಸಾಲಾಗಿರುವ ಡೊಂಬಿವಲಿಯಂಥ ಊರಿನಲ್ಲಿ ಹೋಟೆಲು ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ. ಅದನ್ನು ಕಲಬೆರಕೆ ಎಂದು ಮೂಗು ಮುರಿಯುವ ಅಗತ್ಯವಿಲ್ಲ. ಅದು ಇಲ್ಲಿಯದೇ ಅಡುಗೆ.

ಆದರೆ ಸಿಜ್ಲರನ್ನೂ ಸ್ಟೀಕನ್ನೂ ಒಂದೇ ಎಂದುಕೊಂಡರೆ ನಷ್ಟ ನಿಮ್ಮದು. ಕಾದ ಕಬ್ಬಿಣದ ತಟ್ಟೆ ಟೇಬಲ್ಲಿನ ಮೇಲೂ ಬೇಯಿಸುತ್ತಲೇ ಇರುತ್ತದೆ. ನೀವು ಮೀಡಿಯಂ ಎಂದು ಹೇಳಿ ತರಿಸಿದ ತುಂಡು ಫೋಟೋ ತೆಗೆದು, ಸಾಸ್ ಹಂಚಿಕೊಂಡು, ಮಾತು ಮುಗಿಸುವಷ್ಟರಲ್ಲಿ ವೆಲ್‌ಡನ್ ಆಗಿರುತ್ತದೆ. ಬೆಂಕಿಯಿಂದ ಇಳಿಸಿದ ಸ್ಟೀಕನ್ನು ಐದಾರು ನಿಮಿಷ ಸುಮ್ಮನೆ ಬಿಟ್ಟರೆ ಬಿಗಿದ ನಾರುಗಳು ಸಡಿಲಗೊಂಡು, ಕೊಯ್ದಾಗ ರಸ ಕಡಿಮೆ ಸೋರುತ್ತದೆ. ಸಿಜ್ಲರ್ ತಟ್ಟೆಯಲ್ಲಿ ಆ ವಿಶ್ರಾಂತಿಗೆ ಜಾಗವಿಲ್ಲ. ಆದ್ದರಿಂದ ಬೆಲೆಬಾಳುವ ಅಂಡರ್‌ಕಟ್ ತರಿಸುವಾಗ ಬಿಸಿಮಾಡಿದ ಪಿಂಗಾಣಿ ತಟ್ಟೆಯಲ್ಲಿ ಕೊಡಿ ಎನ್ನಿ. ಸದ್ದು, ಹೊಗೆ ಬೇಕಿದ್ದರೆ ಚಿಕನ್ ಸಿಜ್ಲರ್ ತರಿಸಿ. ಕೋಳಿಯನ್ನು ಹೇಗಿದ್ದರೂ ಪೂರ್ತಿ ಬೇಯಿಸಬೇಕು, ಕಾದ ತಟ್ಟೆಯಿಂದ ಅದಕ್ಕೆ ಕೇಡಿಲ್ಲ. ಯಾವುದನ್ನೇ ಆಗಲಿ ಎಳೆಗೆ ಅಡ್ಡಲಾಗಿ ಕೊಯ್ಯಿರಿ. ನಾರು ಗಿಡ್ಡವಾದಷ್ಟೂ ಹಲ್ಲಿಗೆ ಸಲೀಸು.

ಬಿಲ್ಲಿನ ಕಡೆಗೂ ಒಂದು ಕಣ್ಣು

ಮೆನುವಿನಲ್ಲಿ ಗ್ರಾಂ ನಮೂದಿಸಿದ್ದರೆ ಅದು ಸಾಮಾನ್ಯವಾಗಿ ಹಸಿ ತೂಕ. ಬೆಂದ ಮೇಲೆ ನೀರು, ಕೊಬ್ಬು ಇಳಿದು ನಾಲ್ಕನೇ ಒಂದು ಪಾಲಿನಷ್ಟು ಕಡಿಮೆಯಾಗುವುದು ಸಹಜ, ವೆಲ್‌ಡನ್ ಆದರೆ ಇನ್ನೂ ಹೆಚ್ಚು. ಗ್ರಾಮೇ ಬರೆದಿಲ್ಲದ ಕಡೆ ದಪ್ಪವಾದರೂ ಎಷ್ಟೆಂದು ಕೇಳಿ. ಒಂದಿಂಚಿಗಿಂತ ತೆಳ್ಳಗಿನ ತುಂಡಿನಲ್ಲಿ ಹೊರಗೆ ಕಂದು, ಒಳಗೆ ಗುಲಾಬಿ ಎರಡನ್ನೂ ಸಾಧಿಸುವುದು ನುರಿತವರಿಗೂ ಕಷ್ಟ.

ಸ್ವತಂತ್ರ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ. 5. ದಿನಕ್ಕೆ 7,500 ರೂಪಾಯಿಗೂ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗಾದರೆ ಶೇ. 18. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ವ್ಯಾಟ್ ಬೇರೆ ಸಾಲಿನಲ್ಲಿ ಬರುತ್ತದೆ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಡಿಸಿದವರ ಕೆಲಸ ಮೆಚ್ಚಿಗೆಯಾದರೆ ಕೈಯಾರೆ ಕೊಡಿ. ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಲೇಬೇಕು.

ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟರೆ ಹೊಸ ಹೋಟೆಲು ತೆರೆಯುವವರಿಗೂ ಲಾಭವೇ. ಮೆನುವಿನಲ್ಲಿ ‘ಎಮ್ಮೆ ಮಾಂಸ, ಅಂಡರ್‌ಕಟ್, ಹಸಿ ತೂಕ ಇಷ್ಟು ಗ್ರಾಂ, ಇಷ್ಟು ದಿನ ಮಾಗಿಸಿದ್ದು’ ಎಂದು ಒಂದು ಸಾಲು ಅಚ್ಚುಹಾಕಿಸಲು ಖರ್ಚೇನೂ ಇಲ್ಲ. ವೇಟರ್‌ಗಳಿಗೆ ಅಷ್ಟು ಕಲಿಸಿದರೆ ಅಡುಗೆಮನೆಗೆ ವಾಪಸು ಬರುವ ತಟ್ಟೆಗಳೂ ಕಡಿಮೆಯಾಗುತ್ತವೆ. ಕೇಳಿದಾಗ ಕ್ಯಾಪ್ಟನ್ ಮಾತು ಹಾರಿಸಿದರೆ ಗಿರಾಕಿ ಸ್ಟೀಕ್ ಬಿಟ್ಟು ಅಂಜಲ್ ತವಾ ಫ್ರೈ ತರಿಸಿಕೊಂಡು ಹೋಗುತ್ತಾನೆ, ಹೋಟೆಲಿಗೆ ಹೆಸರು ಕೊಡಬೇಕಾದ ತಿಂಡಿಯೇ ಟೇಬಲ್ಲಿಗೆ ಬರುವುದಿಲ್ಲ.

ಕೊನೆಯ ಪ್ರಶ್ನೆ ಸ್ಟೀಕ್ ತಿನ್ನದವರದು. ನಮ್ಮ ಕುಟುಂಬಗಳು ಊಟಕ್ಕೆ ಹೊರಟರೆ ಮೂರು ತಲೆಮಾರು ಒಟ್ಟಿಗೆ ಹೊರಡುತ್ತದೆ: ಎಮ್ಮೆ ಬೇಕೆನ್ನುವ ಮೊಮ್ಮಗ, ಕೋಳಿಗೇ ನಿಲ್ಲುವ ಅಪ್ಪ, ಶನಿವಾರ ಮಾಂಸ ಮುಟ್ಟದ ಅಜ್ಜಿ. ಅಜ್ಜಿಗೆ ಪನೀರ್ ಸಿಜ್ಲರ್ ತರಿಸುವ ಮೊದಲು ಅದಕ್ಕೆ ಗ್ರಿಲ್ಲು, ಚಿಮ್ಮಟ, ಕಬ್ಬಿಣದ ತಟ್ಟೆ ಬೇರೆ ಇವೆಯೇ ಎಂದು ಕೇಳಿ. ಮೆನುವಿನ ಹಸಿರು ಗುರುತು ತಿಂಡಿಯಲ್ಲಿ ಏನಿದೆ ಎಂದು ಹೇಳುತ್ತದೆ, ಅದನ್ನು ಯಾವುದರ ಮೇಲೆ ಸುಟ್ಟರು ಎಂದು ಹೇಳುವುದಿಲ್ಲ. ಗ್ರಿಲ್ಲು ಒಂದೇ ಇದ್ದರೆ ಹೋಟೆಲಿನವರು ಅದನ್ನೂ ಹೇಳಲಿ. ಹೇಳಿದರೆ ಅಜ್ಜಿ ಒಂದು ಸೂಪು, ಒಂದು ಬಟ್ಟಲು ಐಸ್‌ಕ್ರೀಮಿಗೆ ತೃಪ್ತಿಪಡುತ್ತಾರೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮೊಮ್ಮಗನಿಗೆ ಸ್ಟೀಕ್ ಎಷ್ಟೇ ಹಿಡಿಸಿದ್ದರೂ ಮುಂದಿನ ಭಾನುವಾರ ಆ ಇಡೀ ಮನೆ ಬೇರೆ ಹೋಟೆಲಿನಲ್ಲಿ ಕೂತಿರುತ್ತದೆ.